ಇನ್ನೂರ ಹದಿನಾಲ್ಕನೆಯ ಪುಟದ ಕಿರಿ ಸೊಸೆ

ಪೆಟಾಲಿಂಗ್ ಜಯಾ, ಮಲೇಷ್ಯಾ
6 ಮಾರ್ಚ್ 2024

ಶ್ರೀ ನರಹರಿಯವರಿಗೆ,

ನಮಸ್ಕಾರ. ನಿಮ್ಮ ‘ಹನ್ನೆರಡಂಕಣ’ ಕಾದಂಬರಿಯ ಕೊನೆಯಲ್ಲಿ, ಓದಿದವರು ಅನಿಸಿಕೆಯನ್ನು ಕೈಯಲ್ಲಿ ಬರೆದು ಅಂಚೆಗೆ ಹಾಕಬೇಕು, ಲೇಖಕರು ಫೋನು ಇಟ್ಟುಕೊಂಡಿಲ್ಲ ಎಂದು ಅಚ್ಚು ಹಾಕಿಸಿದ್ದೀರಿ. ಫೋನು ಇಲ್ಲದ್ದನ್ನೂ ಬಿರುದಿನ ಹಾಗೆ ಹಾಕಿಸಿಕೊಂಡವರನ್ನು ಇದೇ ಮೊದಲು ನೋಡಿದ್ದು. ಇರಲಿ. ನಾನು ಓದಿದ್ದು ಏಳನೇ ಕ್ಲಾಸು, ಅದೂ ಫೇಲು, ಅದೂ ನಡುವೆ ಎರಡು ವರ್ಷ ಬಿಟ್ಟು. ತಪ್ಪು ಬರೆದರೆ ನಗಬೇಡಿ. ಆರುನೂರ ಹನ್ನೆರಡು ಪುಟ ಒಂದೂ ಬಿಡದೆ ಓದಿದ್ದೇನೆ. ಅಷ್ಟು ಕಷ್ಟಪಟ್ಟವಳಿಗೆ ಎರಡು ಮಾತಾಡುವ ಹಕ್ಕಿದೆ.

ಮಗಳು ಗಾನವಿ, ಅಳಿಯ ಕಿರಣ ಇಲ್ಲಿ ಸಾಫ್ಟ್‌ವೇರ್ ಕಂಪನಿಯಲ್ಲಿದ್ದಾರೆ. ಮೊಮ್ಮಗಳನ್ನು ನೋಡಿಕೊಳ್ಳಲು ಬಂದವಳು ನಾನು, ನಾಲ್ಕು ವರ್ಷವಾಯಿತು. ಇಲ್ಲಿಯ ಕನ್ನಡದವರು ಹದಿನಾಲ್ಕು ಮಂದಿ ಸೇರಿ ತಿಂಗಳಿಗೊಮ್ಮೆ ಬಾಂಗ್ಸಾರಿನ ಒಂದು ಕಾಫಿ ಅಂಗಡಿಯಲ್ಲಿ ಕೂತು ಪುಸ್ತಕದ ಮೇಲೆ ಮಾತಾಡುತ್ತಾರೆ. ನಿಮ್ಮದಕ್ಕೆ ಯಾವುದೋ ಬಹುಮಾನ ಬಂತೆಂದು ಅದನ್ನೇ ತರಿಸಿದರು. ಗಾನವಿ ಕನ್ನಡ ಓದುವುದು ಕಲ್ಲು ಆರಿಸಿದ ಹಾಗೆ, ಒಂದೊಂದೇ ಅಕ್ಷರ. ಅದಕ್ಕೆ ಸಂಜೆ ಅವಳು ಆಫೀಸಿನಿಂದ ಬಂದು ಕಾಫಿ ಕುಡಿಯುವಾಗ ನಾನು ಗಟ್ಟಿಯಾಗಿ ಓದಿ ಹೇಳುತ್ತೇನೆ.

ಓದುತ್ತಾ ಓದುತ್ತಾ ನನಗೆ ಬಂದ ಅನುಮಾನ ಕೇಳಿ. ನೀವು ಬಯಲುಸೀಮೆಯನ್ನು ರೈಲಿನ ಕಿಟಕಿಯಿಂದ ನೋಡಿ ಬರೆದಿರೋ ಹೇಗೆ? ಬಯಲು ಸಮುದ್ರದ ಹಾಗೆ ಇತ್ತು ಎಂದು ಹನ್ನೊಂದು ಸಲ ಬರೆದಿದ್ದೀರಿ, ಎಣಿಸಿದ್ದೇನೆ. ನಿಮ್ಮ ಹೆಂಗಸರಿಗೆ ಕೆಲಸವೇ ಇಲ್ಲ. ಹೊತ್ತು ಮುಳುಗುವಾಗ ಹೊಸಿಲ ಮೇಲೆ ನಿಂತು ಕೆಂಪು ಆಕಾಶ ನೋಡಿ ನಿಟ್ಟುಸಿರು ಬಿಡುತ್ತಾರೆ. ದನ ಮನೆಗೆ ಬರುವ ಹೊತ್ತು ಅದು! ಹಾಲು ಕರೆಯುವವರು ಯಾರು, ಒಲೆ ಹಚ್ಚುವವರು ಯಾರು, ನಿಮ್ಮ ಆಕಾಶವೇ? ಅಜ್ಜ ಎರಡು ಪುಟ ಎತ್ತಿನ ಜೊತೆ ತತ್ವ ಮಾತಾಡುತ್ತಾನೆ, ಎತ್ತಿಗೆ ಹುಲ್ಲು ಹಾಕುವುದಿಲ್ಲ. ಎಂಬತ್ತೊಂದನೇ ಪುಟದಲ್ಲಿ ‘ಮುದ್ದೆಯನ್ನು ನಿಧಾನವಾಗಿ ಅಗಿದು ತಿಂದನು’ ಅಂತ ಇದೆ. ಮುದ್ದೆ ಅಗಿಯುತ್ತಾರೇನ್ರೀ ಯಾರಾದರೂ? ಗಾನವಿಯ ಎದುರು ನನಗೇ ನಾಚಿಕೆಯಾಗಿ ‘ನುಂಗಿದನು’ ಎಂದು ಓದಿದೆ.

ಇವೆಲ್ಲ ಹೋಗಲಿ. ಇನ್ನೂರ ಹದಿನಾಲ್ಕನೇ ಪುಟ ಮಾತ್ರ ನೀವು ಎರಡನೇ ಸಲ ಅಚ್ಚು ಹಾಕಿಸುವಾಗ ತೆಗೆಯಲೇಬೇಕು. ಅದನ್ನು ಹೇಳುವುದಕ್ಕೇ ಈ ಕಾಗದ.

ಹಗೇವು ಎಂದರೆ ಏನೆಂದು ಮಗಳಿಗೆ ಬಿಡಿಸಿ ಹೇಳಬೇಕಾಯಿತು. ಅಂಗಳದಲ್ಲಿ ನೆಲದೊಳಗೆ ಗುಡಾಣದ ಹಾಗೆ ತೋಡಿದ ಗುಂಡಿ, ಬಾಯಿ ಚಿಕ್ಕದು, ಹೊಟ್ಟೆ ದೊಡ್ಡದು, ರಾಗಿ ತುಂಬಿ ಚಪ್ಪಡಿ ಮುಚ್ಚಿ ಮೇಲೆ ಮಣ್ಣು ಮೆತ್ತಿದರೆ ಹತ್ತು ವರ್ಷ ಕೆಡುವುದಿಲ್ಲ. ತೆಗೆದ ಕೂಡಲೇ ಇಳಿಯುವ ಹಾಗಿಲ್ಲ, ಒಳಗಿನ ಗಾಳಿ ವಿಷ. ಹಗ್ಗ ಕಟ್ಟಿ ಉರಿಯುವ ಲಾಟೀನು ಇಳಿಸಬೇಕು. ಉರಿದರೆ ಇಳಿಯಬಹುದು, ಆರಿದರೆ ಇಲ್ಲ. ನಿಮ್ಮ ಹಗೇವಿಗೆ ಕಲ್ಲಿನ ಮೆಟ್ಟಿಲಿವೆ! ನಾವಿರುವ ಈ ಬಹುಮಹಡಿ ಕಾಂಡೋ ಕೆಳಗಿನ ಈಜುಕೊಳಕ್ಕೂ ಅಷ್ಟು ಚೆಂದದ ಮೆಟ್ಟಿಲಿಲ್ಲ. ಆ ಪುಟದಲ್ಲಿ ನಿಮ್ಮ ಕಿರಿ ಸೊಸೆ ದೀಪ ಇಳಿಸುವುದೇ ಇಲ್ಲ. ಸೀದಾ ಅಂಗಳಕ್ಕೆ ಬಂದು ಎಂಟು ಗಂಡಸರ ನಡುವೆ ನಿಂತ ಭಾವನ ಮುಖ ನೋಡಿ, ನಗುತ್ತಾ, ‘ದೀಪ ಉರಿಯಿತು, ಇಳಿಯಿರಿ’ ಅನ್ನುತ್ತಾಳೆ. ಅವನು ಇಳಿದು ಸಾಯುತ್ತಾನೆ. ಮನೆಯ ಪಾಲಿನ ಆಸೆಗೆ ಕೊಂದಳು ಅಂತ ನಿಮ್ಮ ಕಥೆ.

ಗಂಡನ ಅಣ್ಣನ ಎದುರು ಬಂದು ಮಾತಾಡಿದ ಸೊಸೆ ಯಾವ ಬಯಲಿನಲ್ಲಿದ್ದಳು? ಭಾವ ಅಂಗಳದಲ್ಲಿದ್ದರೆ ಸೆರಗಿನ ತುದಿ ಕೂಡ ಹೊರಗೆ ಕಾಣಿಸುತ್ತಿರಲಿಲ್ಲ. ಹೇಳುವುದಿದ್ದರೆ ಒಳಗಿಂದ ಹೇಳಿ ಕಳಿಸಬೇಕು. ಇಷ್ಟೂ ತಿಳಿಯದವರು ಆರುನೂರು ಪುಟ ಬರೆಯಬಾರದು.

ಕಾಗದ ಭಾರವಾಯಿತೋ ಏನೋ, ಪೋಸ್ಟಾಫೀಸಿನವರು ವಾಪಸು ಕಳಿಸಿದರೆ ಮಗಳ ಕೈಗೆ ಸಿಗುತ್ತದೆ ಎಂದು ಹೆದರಿಕೆ. ಅದಕ್ಕೇ ಲಕೋಟೆಯ ಹಿಂದೆ ವಿಳಾಸ ಬರೆದಿಲ್ಲ, ಒಳಗೆ ಬೇರೆ ಚೀಟಿ ಇಟ್ಟಿದ್ದೇನೆ. ಟಪಾಲು ಡಬ್ಬಿಯ ಕೀಲಿ ನನ್ನ ಹತ್ತಿರವೇ ಇರುತ್ತದೆ.

ಇಂತಿ,
ಶ್ರೀಮತಿ ಎಚ್. ರುದ್ರಪ್ಪ


ತುಮಕೂರು
28 ಮಾರ್ಚ್ 2024

ಶ್ರೀಮತಿ ರುದ್ರಪ್ಪನವರಿಗೆ,

ವಂದನೆಗಳು. ಸಮುದ್ರದಾಚೆಯಿಂದ ಬಂದ ನಿಮ್ಮ ದೀರ್ಘ ಪತ್ರ ತಲುಪಿತು. ಹೆಚ್ಚು ಓದಿಲ್ಲದವರೂ ನನ್ನ ಕೃತಿಯನ್ನು ಪೂರ್ತಿ ಓದಿದ್ದಾರೆಂಬುದು ಲೇಖಕನಾಗಿ ನನಗೆ ಧನ್ಯತೆಯ ವಿಷಯ.

ಮುದ್ದೆಯ ಬಗ್ಗೆ ನೀವು ಹೇಳಿದ್ದನ್ನು ಒಪ್ಪುತ್ತೇನೆ. ನಮ್ಮ ಮನೆಯಲ್ಲಿ ಅದನ್ನು ಮಾಡುತ್ತಿರಲಿಲ್ಲ. ಉಳಿದಂತೆ, ಬಯಲು ನಿಮಗೆ ಅಪರಿಚಿತವೆಂದು ತೋರುತ್ತದೆ. ಪರದೇಶದ ಎತ್ತರದ ಮಹಡಿಗಳಲ್ಲಿ ವಾಸಿಸುವವರು ಹಗೇವನ್ನು ಪುಸ್ತಕಗಳಲ್ಲಷ್ಟೇ ಕಂಡಿರುತ್ತೀರಿ. ನನ್ನ ತಂದೆ ಹಿರಿಯೂರು ಸೀಮೆಯ ಒಂದು ಹಳ್ಳಿಯಲ್ಲಿ ಶಾಲಾ ಮೇಷ್ಟ್ರಾಗಿದ್ದಾಗ, ಅಂಥದೇ ಒಂದು ದೊಡ್ಡ ಮನೆಯ ಹೊರಕೋಣೆಯಲ್ಲಿ ನಾವು ಆರು ವರ್ಷ ಬಾಡಿಗೆಗೆ ಇದ್ದೆವು. ನಾನು ಬರೆದದ್ದು ನನ್ನ ಕಣ್ಣು ಕಂಡದ್ದನ್ನು. ಕಲಾವಿದನ ಸ್ವಾತಂತ್ರ್ಯವೆಂಬುದೂ ಒಂದಿರುತ್ತದೆ. ಮೆಟ್ಟಿಲುಗಳು ಅವನತಿಯ ಸಂಕೇತ.

ಕಿರಿ ಸೊಸೆಯ ಪಾತ್ರವನ್ನು ಮೂವರು ವಿಮರ್ಶಕರು ಬಹುವಾಗಿ ಮೆಚ್ಚಿದ್ದಾರೆ. ಮೌನವಾಗಿ ಒಳಗಿದ್ದ ಹೆಣ್ಣು ಮೊದಲ ಸಲ ಅಂಗಳಕ್ಕೆ ಬಂದು ಬಾಯಿ ತೆರೆಯುವ ಕ್ಷಣವೇ ಕಾದಂಬರಿಯ ಶಿಖರ ಎಂದು ಒಬ್ಬರು ಬರೆದಿದ್ದಾರೆ. ಅದನ್ನು ತೆಗೆದರೆ ಮನೆಯ ತೊಲೆಯನ್ನೇ ತೆಗೆದಂತೆ.

ಎರಡನೆಯ ಮುದ್ರಣ ಸೆಪ್ಟೆಂಬರಿನಲ್ಲಿ ಬರಲಿದೆ. ಅದರ ಕೊನೆಯಲ್ಲಿ ಓದುಗರ ಅನಿಸಿಕೆಗಳನ್ನು ಹಾಕುತ್ತಿದ್ದೇವೆ. ನಿಮ್ಮ ಪತ್ರದಿಂದ ‘ಆರುನೂರ ಹನ್ನೆರಡು ಪುಟ ಒಂದೂ ಬಿಡದೆ ಓದಿದ್ದೇನೆ’ ಎಂಬ ಸಾಲನ್ನು ಆರಿಸಿಕೊಂಡಿದ್ದೇನೆ. ಹೆಸರಿನ ಮುಂದೆ ‘ಮಲೇಷ್ಯಾ’ ಎಂದು ಸೇರಿಸಲು ಅಭ್ಯಂತರವಿಲ್ಲವೆಂದು ಭಾವಿಸುತ್ತೇನೆ.

ವಿಶ್ವಾಸಿ,
ನರಹರಿ


ಪೆಟಾಲಿಂಗ್ ಜಯಾ
19 ಏಪ್ರಿಲ್ 2024

ನರಹರಿ,

ಇನ್ನು ನೀವು ಗೀವು ಇಲ್ಲ. ನಾನು ಹೊನ್ನಿ. ಹೊನ್ನಮ್ಮ. ನೀನು ಬಾಡಿಗೆಗಿದ್ದ ಆ ದೊಡ್ಡ ಮನೆಯ ಕಿರಿ ಮಗನ ಮಗಳು. ನಿನ್ನ ಸ್ಲೇಟು ಒಡೆದು ನಿಮ್ಮಪ್ಪನ ಕೈಲಿ ಏಟು ತಿಂದವಳು. ಹಗೇವನ್ನು ಪುಸ್ತಕದಲ್ಲಿ ಕಂಡಿದ್ದೇನಂತೆ! ನೀನು ಕಿಟಕಿಯ ಸರಳು ಹಿಡಿದು ಕಂಡದ್ದನ್ನು ನಾನು ಅಂಗಳದಲ್ಲಿ ಬರಿಗಾಲಲ್ಲಿ ನಿಂತು ಕಂಡವಳು. ಅವನತಿಯ ಸಂಕೇತವಂತೆ. ನಮ್ಮದು ಎಂಟಂಕಣದ ಮನೆ. ಅದಕ್ಕೆ ನಾಲ್ಕು ಅಂಕಣ ಸೇರಿಸಿ ಉಬ್ಬಿಸಿದವನು ನೀನು. ನಿನಗೆ ಯಾವುದೂ ಇದ್ದಷ್ಟೇ ಇದ್ದರೆ ಸಾಲದು.

ಆ ಕಿರಿ ಸೊಸೆ ನಮ್ಮವ್ವ. ಅದು ನಿನಗೂ ಗೊತ್ತು. ನಿನ್ನ ತಾಯಿಗೆ ಬಾಣಂತಿ ಕಾಯಿಲೆಯೆಂದು ದಿನಾ ಒಂದು ಚೊಂಬು ಹಾಲು ಹೊರಕೋಣೆಗೆ ಕಳಿಸುತ್ತಿದ್ದವಳು. ಅವಳಿಗೆ ನೀನು ಕೊಟ್ಟ ಮರ್ಯಾದೆ ಇನ್ನೂರ ಹದಿನಾಲ್ಕನೇ ಪುಟ.

ದೊಡ್ಡಪ್ಪ ಹಗೇವಿನಲ್ಲಿ ಸತ್ತದ್ದು ನಿಜ. ಅವತ್ತು ಸಂಜೆಗೇ ದೊಡ್ಡಮ್ಮ ಅಂಗಳದಲ್ಲಿ ಮಣ್ಣು ತೂರಿ ಅವ್ವನನ್ನು ಮನೆಹಾಳಿ ಎಂದಳು. ನಮ್ಮಪ್ಪ ಬಾಯಿ ಬಿಡಲಿಲ್ಲ. ಹದಿಮೂರನೇ ದಿನಕ್ಕೆ ಅವ್ವನನ್ನೂ ನನ್ನನ್ನೂ ಅಜ್ಜಿಯ ಊರಿಗೆ ಗಾಡಿ ಹತ್ತಿಸಿದರು. ಅಲ್ಲಿ ಶಾಲೆ ಐದು ಮೈಲಿ ದೂರ. ನನ್ನ ಐದನೇ ಕ್ಲಾಸು ಅಲ್ಲಿಗೇ ನಿಂತಿತು. ಅವ್ವ ಆಮೇಲೆ ಇಪ್ಪತ್ತೈದು ವರ್ಷ ಬದುಕಿದಳು. ಯಾರು ಏನಂದರೂ ತಿರುಗಿ ಒಂದು ಮಾತು ಆಡಲಿಲ್ಲ. ದೀಪ ಇಳಿಸಿದ್ದರು. ಉರಿಯಿತು. ಆಮೇಲೆ ಒಳಗೆ ಏನಾಯಿತೋ ಯಾರಿಗೆ ಗೊತ್ತು. ನೀನು ಅವಳನ್ನು ಕೊಲೆಗಾತಿ ಮಾಡಿ, ನಗಿಸಿ, ಗಂಡಸರ ನಡುವೆ ನಿಲ್ಲಿಸಿ ಬಹುಮಾನ ಹೊಡೆದೆ.

ನನ್ನ ಸಂಕಟ ಕೇಳು. ಗಾನವಿಗೆ ಅವಳಜ್ಜಿಯ ಬಗ್ಗೆ ಏನೂ ಗೊತ್ತಿಲ್ಲ. ಕೇಳಿದಾಗಲೆಲ್ಲ ಸೊಪ್ಪಿನ ಸಾರು ಚೆನ್ನಾಗಿ ಮಾಡುತ್ತಿದ್ದಳು ಎಂದಷ್ಟೇ ಹೇಳಿದ್ದೇನೆ. ಆ ಪುಟ ಓದಿದ ಸಂಜೆ ಅವಳು ಕುರ್ಚಿಯಿಂದ ಎದ್ದು ಕುಣಿದಳು.

‘ಅಮ್ಮಾ, ಏನ್ ಖಡಕ್ ವಿಲನ್ ಅಮ್ಮ ಅವಳು! ನಗ್ತಾ ಇಳೀರಿ ಅಂತಾಳಲ್ಲ, ನಂಗೆ ರೋಮಾಂಚನ ಆಗೋಯ್ತು. ಮೀಟಿಂಗ್ ನಡ್ಸೋ ಚೈತನ್ಯಾಗೆ ಹೇಳ್ಬಿಟ್ಟಿದೀನಿ, ಈ ಸೊಸೆ ಮೇಲೆ ನಾನೇ ಮಾತಾಡೋದು.’

‘ಬೇರೆ ಯಾರ ಮೇಲಾದ್ರೂ ಮಾತಾಡೇ’ ಅಂದೆ.

‘ಬೇರೆಯವ್ರೆಲ್ಲ ಬೋರ್ ಅಮ್ಮ. ಬರೀ ಆಕಾಶ ನೋಡ್ತಾರೆ.’

ಅಷ್ಟು ಮಾತ್ರ ನನ್ನ ಮಗಳು ಸರಿಯಾಗಿ ಹೇಳಿದಳು. ಮೇ ಹದಿನೆಂಟಕ್ಕೆ ಮೀಟಿಂಗು. ಅಷ್ಟರೊಳಗೆ ಆ ಪುಟ ತೆಗೆಯುತ್ತೇನೆ ಎಂದು ನಿನ್ನ ಕೈಬರಹದಲ್ಲಿ ಬರೆದು ಕಳಿಸು. ಗಾನವಿಗೆ ತೋರಿಸಿ, ಲೇಖಕರೇ ತಪ್ಪು ಒಪ್ಪಿದ್ದಾರೆ, ಅದನ್ನು ಬಿಟ್ಟು ಮಾತಾಡು ಅನ್ನುತ್ತೇನೆ. ಬೇರೆ ಏನೂ ಹೇಳಬೇಕಾಗಿಲ್ಲ. ನನಗೆ ಬಿ.ಪಿ. ಇದೆ. ಬೆಳಿಗ್ಗೆ ಗ್ಯಾಸು ಆರಿಸಿದೆನೋ ಇಲ್ಲವೋ ಎಂದು ಮೊಮ್ಮಗಳ ಸ್ಕೂಲಿನ ಬಾಗಿಲಿಂದ ಮೂರು ಸಲ ವಾಪಸು ಬಂದಿದ್ದೇನೆ.

ಹೊನ್ನಮ್ಮ


ತುಮಕೂರು
6 ಮೇ 2024

ಹೊನ್ನೀ,

ಸ್ಲೇಟಿನ ವಿಷಯ ಓದಿ ಕುರ್ಚಿಯಲ್ಲೇ ಕುಳಿತುಬಿಟ್ಟೆ. ನೀನು ಎಲ್ಲೋ ಇರುತ್ತೀಯ, ಒಂದು ದಿನ ಈ ಪುಸ್ತಕ ನಿನ್ನ ಕೈಗೆ ಬರುತ್ತದೆ ಎಂದುಕೊಂಡೇ ಬರೆದಿದ್ದೆ. ಮಲೇಷ್ಯಾ ಎಂದು ಮಾತ್ರ ಅಂದುಕೊಂಡಿರಲಿಲ್ಲ.

ನಿನ್ನ ಕೋಪ ನನಗೆ ಅರ್ಥವಾಗುತ್ತದೆ. ನನ್ನದೂ ಒಂದು ಮಾತು ಅರ್ಥಮಾಡಿಕೊ. ದೀಪ ಇಳಿಸಿದ್ದು ನಿನ್ನ ತಾಯಿಯಲ್ಲ, ನೀನು. ಹೊರಕೋಣೆಯ ಕಿಟಕಿಯಿಂದ ನೋಡಿದ್ದೇನೆ. ಎರಡು ಸಲ ಇಳಿಸಿದೆ. ಎರಡು ಸಲವೂ ಆರಿತು. ಲಾಟೀನನ್ನು ಲಂಗದಲ್ಲಿ ಮುಚ್ಚಿಕೊಂಡು ಒಳಗೆ ಓಡಿದೆ.

ಐವತ್ತು ವರ್ಷ ನಾನು ಇದನ್ನು ಯಾರಿಗೂ ಹೇಳಿಲ್ಲ. ಬರೆಯುವಾಗಲೂ ಹತ್ತು ವರ್ಷದ ಹುಡುಗಿಯ ಹೆಗಲಿಗೆ ಇದನ್ನು ಹೊರಿಸಲು ಮನಸ್ಸಾಗಲಿಲ್ಲ. ನಿನ್ನ ತಾಯಿ ತೀರಿಕೊಂಡು ಬಹಳ ವರ್ಷವಾಗಿತ್ತು. ಅವರಿಗೆ ಇನ್ನೇನೂ ತಾಗದು. ಬದುಕಿರುವವಳು ನೀನು. ನಿನ್ನನ್ನು ಉಳಿಸಲು ಆ ಪುಟ ಹಾಗೆ ಬರೆದೆ. ಇದನ್ನು ಉಪಕಾರವೆಂದು ಹೇಳಿಕೊಳ್ಳುತ್ತಿಲ್ಲ, ಆದರೆ ಅದು ಉಪಕಾರವೇ.

ಇನ್ನೊಂದು. ನಿನ್ನ ದೊಡ್ಡಪ್ಪನ ಮಗಳು ಜಲಜಾಕ್ಷಿ ಹಿರಿಯೂರಿನಲ್ಲಿದ್ದಾಳೆ. ಪುಸ್ತಕದ ಬಿಡುಗಡೆಗೆ ಕರೆಸಿದ್ದೆವು. ದೀಪ ಬೆಳಗಿಸಿ, ‘ನಮ್ಮಪ್ಪನಿಗೆ ಈಗ ನ್ಯಾಯ ಸಿಕ್ಕಿತು’ ಎಂದು ವೇದಿಕೆಯ ಮೇಲೆ ಅತ್ತಳು. ಆ ಸಮಾಧಾನವನ್ನು ಅವಳಿಂದ ಕಿತ್ತುಕೊಳ್ಳಬೇಡ. ಸುಮ್ಮನಿರು. ಎಲ್ಲರಿಗೂ ಒಳ್ಳೆಯದು.

ನರಹರಿ


ಪೆಟಾಲಿಂಗ್ ಜಯಾ
24 ಮೇ 2024

ನರಹರಿ,

ನಿನ್ನ ಕಾಗದ ಮೀಟಿಂಗಿನ ಹಿಂದಿನ ದಿನ ಬಂತು. ಓದಿ ಅಕ್ಕಿ ಡಬ್ಬಿಯೊಳಗೆ ಇಟ್ಟೆ. ಅಲ್ಲಿಂದ ತೆಗೆದು ಹಾಸಿಗೆ ಕೆಳಗೆ ಇಟ್ಟೆ. ಮತ್ತೆ ತೆಗೆದು ಸೀರೆಯೊಳಗೆ ಇಟ್ಟುಕೊಂಡೇ ಬಾಂಗ್ಸಾರಿಗೆ ಹೋದೆ.

ಅಲ್ಲಿ ನಿನ್ನ ಪುಸ್ತಕವನ್ನು ಮೇಜಿನ ಮೇಲೆ ನಿಲ್ಲಿಸಿ ಫೋಟೋ ತೆಗೆದರು. ಅರ್ಧಕ್ಕರ್ಧ ಜನ ಓದಿರಲಿಲ್ಲ, ಪುಟ ಮಡಿಚಿದ ಗುರುತು ಎಲ್ಲಿ ನಿಂತಿದೆ ಎಂದು ನಾನು ನೋಡಿದೆ. ಮಂಗಳೂರಿನ ಎಲ್‌ಸ್ಟನ್ ಅಂತ ಒಬ್ಬ, ಒಳ್ಳೆಯ ಹುಡುಗ, ಮೂವತ್ತನೇ ಪುಟಕ್ಕೇ ಸಾಕಾಯಿತು ಎಂದು ನಿಜ ಹೇಳಿದ. ಚೈತನ್ಯಾ ಮಾತ್ರ ಕಣ್ಣು ಮುಚ್ಚಿಕೊಂಡು, ಇಲ್ಲಿಯವರ ಹಾಗೆ ಕೊನೆಗೊಂದು ಲಾ ಸೇರಿಸಿ, ‘ಆ ಮೆಟ್ಟಿಲು ಇದೆಯಲ್ಲಾ, ಸೋ ಡೀಪ್ ಲಾ’ ಅಂದಳು. ನಿನಗೆ ಸರಿಯಾದ ಓದುಗರು ಸಿಕ್ಕಿದ್ದಾರೆ.

ಆಮೇಲೆ ನನ್ನ ಮಗಳು ಎದ್ದು ನಿಂತು ನಮ್ಮವ್ವನನ್ನು ಹತ್ತು ನಿಮಿಷ ಆಡಿಕೊಂಡಳು. ಹಾವು ಅಂದಳು. ಕೋಲ್ಡ್ ಬ್ಲಡೆಡ್ ಅಂದಳು. ನಗುವುದು ಹೇಗೆಂದು ಮಾಡಿ ತೋರಿಸಿದಳು, ಎಲ್ಲರೂ ಚಪ್ಪಾಳೆ ತಟ್ಟಿದರು. ಗಾನವಿಯ ನಗು ಅವ್ವನದೇ, ಕೆಳಗಿನ ಹಲ್ಲು ಮೊದಲು ಕಾಣುವುದು. ಅದನ್ನು ನೋಡಿಕೊಂಡು ಕೂತಿದ್ದೆ.

‘ಆಂಟಿ, ಪೂರ್ತಿ ಓದಿದವ್ರು ನೀವೊಬ್ರೇ. ನೀವೇನಾದ್ರೂ ಹೇಳಿ’ ಅಂದರು.

‘ಪುಸ್ತಕ ದಪ್ಪ ಇದೆ’ ಅಂದೆ. ಎಲ್ಲರೂ ನಕ್ಕರು. ದಾರಿಯಲ್ಲಿ ಇಲ್ಲಿಯ ತಮಿಳು ಮುಸ್ಲಿಮರ ಮಾಮಕ್ ಅಂಗಡಿಯಿಂದ ರೊಟ್ಟಿ ಕಟ್ಟಿಸಿಕೊಂಡು ಮನೆಗೆ ಬಂದೆವು. ನನ್ನ ಪಾಲನ್ನು ಮೊಮ್ಮಗಳ ತಟ್ಟೆಗೆ ಹಾಕಿದೆ.

ಒಂದು ವಾರದಿಂದ ನಿನ್ನ ಕಾಗದವನ್ನು ಹಿಂದೆ ಮುಂದೆ ಓದುತ್ತಿದ್ದೇನೆ. ಹೌದು, ದೀಪ ಇಳಿಸಿದ್ದು ನಾನು. ಚಪ್ಪಡಿ ತೆಗೆದ ಗಂಡಸರು ಕೈಕಾಲು ತೊಳೆಯಲು ಬಾವಿಗೆ ಹೋಗಿದ್ದರು. ಅವ್ವ ಹದಿನಾರು ಜನಕ್ಕೆ ಮುದ್ದೆ ತಿರುವುತ್ತಿದ್ದಳು. ‘ಹೊನ್ನೀ, ಲಾಟೀನು ಇಳಿಸಿ ನೋಡಿ ಬಾ’ ಅಂದಳು. ಹಿಂದಿನ ವಾರವಷ್ಟೇ ಅದರ ಗಾಜು ಒಡೆದು ಅಪ್ಪನ ಕೈಲಿ ಪೆಟ್ಟು ತಿಂದಿದ್ದೆ. ಎರಡನೇ ಸಲವೂ ಆರಿದಾಗ, ಬತ್ತಿಯನ್ನೂ ನಾನೇ ಕೆಡಿಸಿದೆ, ಮತ್ತೆ ಏಟು ಬೀಳುತ್ತದೆ ಎಂದು ಹೆದರಿದೆ. ‘ಉರೀತು ಕಣವ್ವ’ ಅಂದೆ. ರಾತ್ರಿ ಹೆಣದ ಮುಂದೆ ಅವ್ವ, ದೀಪ ನಿಜವಾಗಿ ಉರಿಯಿತೇ ಎಂದು ನನ್ನ ಕಿವಿಯಲ್ಲಿ ಕೇಳಿದಳು. ಇಲ್ಲ ಅಂದೆ. ‘ಇದನ್ನ ಇನ್ನೊಬ್ಬರ ಮುಂದೆ ಆಡಬ್ಯಾಡ’ ಅಂದಳು. ಬೆಳಿಗ್ಗೆ ಕೇಳಿದವರಿಗೆಲ್ಲ ದೀಪ ಇಳಿಸಿದ್ದು ತಾನೇ ಎಂದಳು. ಇದು ನನ್ನ ಪಾಲಿನ ತಪ್ಪು. ಹೋದ ಕಾಗದದಲ್ಲಿ ನಿನಗೂ ಸುಳ್ಳು ಬರೆದಿದ್ದೆ.

ಈಗ ನಿನ್ನದಕ್ಕೆ ಬರೋಣ. ನಮ್ಮವ್ವ ಭಾವನ ಎದುರು ಬರುವವಳಲ್ಲ. ಹಾಗಾದರೆ ಅಂಗಳದಲ್ಲಿದ್ದ ದೊಡ್ಡಪ್ಪನಿಗೆ ದೀಪ ಉರಿಯಿತು ಎಂದು ಹೇಳಿದವರು ಯಾರು? ನಾನಲ್ಲ, ನಾನು ಒಲೆಯ ಹಿಂದೆ ಅಡಗಿದ್ದೆ. ಮೊನ್ನೆ ಪಾತ್ರೆ ತೊಳೆಯುತ್ತಾ ನಿಂತಿದ್ದಾಗ ಅವ್ವನ ದನಿ ಕಿವಿಗೆ ಬಂದ ಹಾಗಾಯಿತು. ಅಡುಗೆಮನೆ ಬಾಗಿಲಿಗೆ ಬಂದು ಹೊರಕೋಣೆ ಕಡೆ ಕೂಗಿದಳು. ‘ಮೇಷ್ಟ್ರ ಮಗನೇ, ಭಾವನೋರಿಗೆ ಹೇಳಪ್ಪ, ದೀಪ ಉರೀತಂತೆ.’ ದಿನಾ ಅವಳ ಮಾತನ್ನು ಅಂಗಳಕ್ಕೆ ಹೊತ್ತವನು ನೀನೇ. ಊಟಕ್ಕೆ ಬರಬೇಕಂತೆ, ಬೀಗರು ಬಂದಿದ್ದಾರಂತೆ, ಎಲ್ಲವನ್ನೂ.

ನೀನು ಹೋಗಿ ಹೇಳಿದೆ. ಕಿಟಕಿಯಲ್ಲಿ ಕೂತು ಎರಡು ಸಲ ಆರಿದ್ದನ್ನು ನೋಡಿದ್ದವನು ಹೋಗಿ ‘ಉರೀತಂತೆ’ ಅಂದೆ.

ಮುದ್ದೆ ಅಗಿಯುವುದಿಲ್ಲ ಎನ್ನುವುದು ನಿನಗೆ ಗೊತ್ತಿರಲಿಲ್ಲ, ಒಪ್ಪಿದೆ. ಸೊಸೆ ಭಾವನೆದುರು ಬರುವುದಿಲ್ಲ ಎನ್ನುವುದು ನಿನಗಿಂತ ಚೆನ್ನಾಗಿ ಗೊತ್ತಿದ್ದವರು ಆ ಊರಲ್ಲಿ ಇರಲಿಲ್ಲ. ನಾನು ಅದನ್ನು ನಿನ್ನ ದಡ್ಡತನ ಎಂದುಕೊಂಡಿದ್ದೆ. ದಡ್ಡತನ ಅಲ್ಲವೋ ನರಹರಿ. ಅವ್ವನನ್ನು ಎಳೆದು ತಂದು ಅಂಗಳದಲ್ಲಿ ನಿಲ್ಲಿಸಿದ್ದು, ಅಲ್ಲಿ ನಿಂತಿದ್ದ ನಿನ್ನನ್ನು ಒರೆಸಿ ಹಾಕುವುದಕ್ಕೆ. ಆರುನೂರ ಹನ್ನೆರಡು ಪುಟದಲ್ಲಿ ಎತ್ತಿಗೂ ಮಾತಿದೆ, ಮೇಷ್ಟ್ರಿಗೆ ಒಬ್ಬ ಮಗನೇ ಇಲ್ಲ! ನನ್ನನ್ನು ಉಳಿಸಲು ಬರೆದೆನೆಂದು ಹೇಳುತ್ತೀಯಲ್ಲ, ಸ್ವಲ್ಪ ನಾಚಿಕೆ ಇದೆಯೇ? ಅವ್ವ ನನ್ನನ್ನು ಉಳಿಸಿದಳು, ಅದಕ್ಕೆ ತನ್ನ ಜೀವಮಾನ ಕೊಟ್ಟಳು. ನೀನು ಏನು ಕೊಟ್ಟೆ? ಶಾಲು ಹೊದಿಸಿಕೊಂಡೆ.

ಆ ಪುಟ ತೆಗೆ ಎಂದು ಇನ್ನು ಕೇಳುವುದಿಲ್ಲ. ಇದ್ದದ್ದನ್ನು ಇದ್ದಷ್ಟೇ ಬರಿ. ಹುಡುಗಿ ಸುಳ್ಳು ಹೇಳಿದಳು, ಮೇಷ್ಟ್ರ ಮಗ ಗೊತ್ತಿದ್ದೂ ಹೋಗಿ ಹೇಳಿದ, ಕಿರಿ ಸೊಸೆ ಒಳಗಿದ್ದಳು. ಬರೆಯದಿದ್ದರೆ ನಾನೇ ಜಲಜಾಕ್ಷಿಗೆ ಬರೆಯುತ್ತೇನೆ. ಅಕ್ಷರ ಓದಲಾಗದಿದ್ದರೆ ಕನ್ನಡಕ ಬದಲಿಸು.

ಹೊನ್ನಮ್ಮ


ಪೆಟಾಲಿಂಗ್ ಜಯಾ
8 ಜುಲೈ 2024

ನರಹರಿ,

ಆರು ವಾರವಾಯಿತು. ಮೊದಲು ಅಂಚೆಯಲ್ಲಿ ಕಳೆದಿರಬೇಕು ಎಂದುಕೊಂಡೆ. ಆಮೇಲೆ ನೀನು ಸತ್ತಿರಬಹುದೆಂದು ಹೆದರಿಕೆಯಾಗಿ ಗಾನವಿಯ ಫೋನಿನಲ್ಲಿ ನೋಡಿದೆ. ಜೂನ್ ಒಂಬತ್ತಕ್ಕೆ ನೀನು ಒಂದು ಕಾಲೇಜಿನಲ್ಲಿ ‘ಸಾಹಿತ್ಯ ಮತ್ತು ಸತ್ಯ’ ಎಂದು ಭಾಷಣ ಮಾಡಿದ್ದೀಯ. ಗಟ್ಟಿಮುಟ್ಟಾಗಿಯೇ ಇದ್ದೀಯ.

ಆದ್ದರಿಂದ ಹೇಳಿದ ಹಾಗೆ ಮಾಡಿದೆ. ಜಲಜಾಕ್ಷಿಗೆ ಎಲ್ಲವನ್ನೂ ಬರೆದೆ, ನನ್ನ ಫೋನ್ ನಂಬರನ್ನೂ ಹಾಕಿದೆ. ಹಾಕಿದ ಮೇಲೆ ಫೋನು ಬಡಿದರೆ ಸಾಕು, ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದೆ. ಹೋದ ಭಾನುವಾರ ಮಧ್ಯಾಹ್ನ ಮೊಮ್ಮಗಳು ಎತ್ತಿಬಿಟ್ಟಳು. ‘ಅಜ್ಜಿ, ಸಮ್‌ಒನ್ ಈಸ್ ಕ್ರೈಯಿಂಗ್’ ಎಂದು ಕೈಗೆ ಕೊಟ್ಟಳು.

ಜಲಜಾಕ್ಷಿ ಮೂಗು ಸೀಟಿಕೊಂಡಳು. ಆಮೇಲೆ ಅಂದಳು. ‘ಯಾಕೆ ಬರ್ದೆ ಹೊನ್ನೀ? ಐವತ್ತು ವರ್ಷ ನಿಮ್ಮವ್ವಂಗೆ ಶಾಪ ಹಾಕಿವ್ನಿ. ಈಗ ಅದುನ್ನೆಲ್ಲ ಅವಳ ಮೇಲಿಂದ ಎತ್ತಿ ನಿನ್ನ ಮೇಲೆ ಹಾಕೋಕೆ ನಂಗೆ ಶಕ್ತಿ ಇಲ್ಲ ಕಣೆ.’

‘ಹಾಕು’ ಅಂದೆ.

‘ಹಾಕ್ತೀನಿ ಬಿಡು, ನಿಧಾನಕ್ಕೆ ಹಾಕ್ತೀನಿ. ಆ ಮೇಷ್ಟ್ರ ಮಗ ನನ್ನ ಕೈಲಿ ದೀಪ ಹಚ್ಚಿಸಿದ್ನಲ್ಲ, ಅವನಿಗೆ ಮೊದ್ಲು.’

ಕ್ಷಮಿಸಿದೆ ಅನ್ನಲಿಲ್ಲ. ನಾನೂ ಕೇಳಲಿಲ್ಲ. ಅವಳಿಗೆ ಹಾಗೆ ಅನ್ನುವ ಅಗತ್ಯವೂ ಇಲ್ಲ.

ಗಾನವಿ ಎಲ್ಲವನ್ನೂ ಬಾಗಿಲಲ್ಲಿ ನಿಂತು ಕೇಳಿದ್ದಳು. ಹೇಳಲೇಬೇಕಾಯಿತು. ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು. ಮೂರನೇ ದಿನ ಬಂದು, ‘ಅಷ್ಟು ಜನರ ಮುಂದೆ ನನ್ನಜ್ಜಿಯನ್ನ ಹಾವು ಅಂದೆನಲ್ಲಮ್ಮ, ನೀನು ಪಕ್ಕದಲ್ಲೇ ಕೂತಿದ್ದೆ, ನನ್ನ ಬಾಯಿ ಮುಚ್ಚಿಸಬಾರದಿತ್ತಾ?’ ಎಂದಳು. ‘ನಿನಗೆ ಆಗ ಹತ್ತು ವರ್ಷ ಅಮ್ಮ’ ಎಂದೂ ಅಂದಳು. ಆ ಮಾತನ್ನು ನನಗೆ ಯಾರೂ ಹೇಳುವುದು ಬೇಡ. ನೀನು ಮೊದಲೇ ಹೇಳಿ ಅದನ್ನು ಹೊಲಸು ಮಾಡಿದ್ದೀಯ.

ಜಲಜಾಕ್ಷಿ ನಿನ್ನ ಮನೆಗೆ ಬರುತ್ತಾಳಂತೆ. ತುಮಕೂರಿಗೆ ಹಿರಿಯೂರಿನಿಂದ ಬಸ್ಸು ಬೇಕಾದಷ್ಟಿವೆ. ಫೋನು ಇಟ್ಟುಕೊಂಡಿಲ್ಲವಲ್ಲ, ಮುಂಚೆ ತಿಳಿಸಿ ಬರಲು ಅವಳಿಗೆ ದಾರಿಯಿಲ್ಲ.

ಹೊನ್ನಮ್ಮ


ತುಮಕೂರು
27 ಜುಲೈ 2024

ಹೊನ್ನಮ್ಮ,

ಜಲಜಾಕ್ಷಿ ಬಂದಿದ್ದಳು. ಕಾಫಿ ಮುಟ್ಟಲಿಲ್ಲ. ‘ನೀನೇನಾ ಬಂದು ಹೇಳಿದ್ದು?’ ಎಂದು ಒಂದೇ ಪ್ರಶ್ನೆ ಕೇಳಿದಳು. ಹೌದೆಂದೆ. ಎದ್ದು ಹೋದಳು.

ಆಗ ನನಗೆ ಹನ್ನೆರಡು ವರ್ಷ. ಎರಡು ಸಲ ಆರಿದ್ದನ್ನು ನೋಡಿದ್ದೆ. ಆಮೇಲೆ ಮೂರನೆಯ ಸಲ ಇಳಿಸಿ ನೋಡಿರಬಹುದು, ನಾನು ಪುಸ್ತಕದ ಕಡೆ ತಿರುಗಿದಾಗ ಉರಿದಿರಬಹುದು ಎಂದುಕೊಂಡೆ. ಹಾಗೆಂದುಕೊಂಡೆ ಎಂದು ಐವತ್ತು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ನಿನ್ನ ದೊಡ್ಡಪ್ಪ ದೊಡ್ಡ ಗೌಡರ ಮುಂದೆ, ಅಷ್ಟು ಜನರ ನಡುವೆ, ಹೇಳಿ ಕಳಿಸಿದ್ದಕ್ಕಿಂತ ಬೇರೆ ಮಾತಾಡಲು ಧೈರ್ಯವಾಗಲಿಲ್ಲ. ಇದೇ ನಿಜ.

ಇನ್ನೂರ ಹದಿನಾಲ್ಕನೆಯ ಪುಟವನ್ನು ತೆಗೆದು ಇದನ್ನು ಹಾಕಲು ಮುದ್ರಕರಿಗೆ ಹೇಳಿದ್ದೇನೆ. ಪ್ರಕಾಶಕರಿಗೆ ಇಷ್ಟವಿಲ್ಲ. ಮೆಟ್ಟಿಲನ್ನೂ ತೆಗೆದಿದ್ದೇನೆ.

‘ಕಿರಿ ಸೊಸೆ ಒಳಗೆ ಮುದ್ದೆ ತಿರುವುತ್ತಿದ್ದಳು. ಹುಡುಗಿ ಬಂದು, ಉರೀತು ಅಂದಳು. ಉರಿದಿರಲಿಲ್ಲ. ಕಿರಿ ಸೊಸೆ ಬಾಗಿಲಿಗೆ ಬಂದು ಹೊರಕೋಣೆಯ ಮೇಷ್ಟ್ರ ಮಗನನ್ನು ಕೂಗಿ ಹೇಳಿ ಕಳಿಸಿದಳು. ಉರಿಯದ್ದನ್ನು ಅವನು ಕಣ್ಣಾರೆ ಕಂಡಿದ್ದ. ಅಂಗಳಕ್ಕೆ ಹೋದ. ದೀಪ ಉರೀತಂತೆ ಅಂದ. ಗೌಡರು ಪಂಚೆ ಎತ್ತಿ ಕಟ್ಟಿ ಹಗ್ಗ ಹಿಡಿದರು. ಅವರು ಇಳಿಯುವುದನ್ನು ಅವನು ನೋಡುತ್ತಾ ನಿಂತ. ಒಳಗೆ ಒಲೆಯ ಹಿಂದೆ ಹುಡುಗಿ ಅಳುತ್ತಾ ಕುಳಿತಿದ್ದಳು.’

ಇಷ್ಟೇ ಬರೆಯಲಾದದ್ದು. ತಪ್ಪಿದ್ದರೆ ತಿಳಿಸು.

ನರಹರಿ


ಪೆಟಾಲಿಂಗ್ ಜಯಾ
14 ಆಗಸ್ಟ್ 2024

ನರಹರಿ,

ಓದಿದೆ. ಗಾನವಿಗೂ ಓದಿ ಹೇಳಿದೆ. ಅವಳು ನನ್ನ ಕೈಯಿಂದ ಕಾಗದ ಕಿತ್ತುಕೊಂಡು ತಾನೇ ಒಂದೊಂದು ಅಕ್ಷರ ಕೂಡಿಸಿಕೊಂಡು ಇನ್ನೊಂದು ಸಲ ಓದಿದಳು. ಅವಳ ಕಾಫಿ ಆರಿ ಕೆನೆ ಕಟ್ಟಿತು. ಆಕಾಶ ಇಲ್ಲ, ಸಮುದ್ರ ಇಲ್ಲ. ನಿನಗೆ ಇಷ್ಟು ಸಣ್ಣದಾಗಿ ಬರೆಯಲು ಬರುತ್ತಿತ್ತು ಎಂದಾದರೆ ಉಳಿದ ಆರುನೂರ ಹನ್ನೊಂದು ಪುಟ ಯಾರನ್ನು ಹೆದರಿಸಲು ಬರೆದೆಯೋ.

ತಪ್ಪಿದ್ದರೆ ತಿಳಿಸು ಎಂದಿದ್ದೀಯ. ಕೊನೆಯ ಸಾಲು ತಪ್ಪು. ಅಚ್ಚಿಗೆ ಹೋಗುವ ಮುಂಚೆ ಈ ಕಾಗದ ತಲುಪುತ್ತದೋ ಇಲ್ಲವೋ ಎಂದು ನನಗೆ ಚಿಂತೆಯಾಗಿದೆ, ಅದಕ್ಕೆ ಇದೇ ಮಾತನ್ನು ಬರೆದು ಜಲಜಾಕ್ಷಿಗೂ ಒಂದು ಹಾಕುತ್ತಿದ್ದೇನೆ. ಅವಳು ಬಂದು ಓದಿ ಹೇಳುತ್ತಾಳೆ.

ನಾನು ಅಳಲಿಲ್ಲ. ನನ್ನ ಮೇಲೆ ಕನಿಕರ ಬರಲಿ ಎಂದು ಸೇರಿಸಿದ್ದೀಯ, ತೆಗೆ. ಏಟು ತಪ್ಪಿತು ಎಂದು ಮನಸ್ಸು ಹಗುರವಾಗಿತ್ತು, ಹಸಿವಾಗಿತ್ತು. ಅವ್ವ ನನಗೊಂದು ಮುದ್ದೆ ಹಾಕಿ ಸೊಪ್ಪಿನ ಸಾರು ಬಿಟ್ಟಳು. ಒಲೆಯ ಹಿಂದೆ ಕೂತು ಉಣ್ಣುತ್ತಿದ್ದೆ. ಹೊರಗೆ ಮೊದಲನೇ ಕೂಗು ಕೇಳಿದಾಗ ಅವ್ವ ಕೋಲು ಬಿಟ್ಟು ಎದ್ದು ಓಡಿದಳು, ಭಾವ ಇದ್ದ ಅಂಗಳಕ್ಕೆ ಅವಳು ಕಾಲಿಟ್ಟದ್ದು ಆಗಲೇ. ನಾನು ಕೈಯಲ್ಲಿದ್ದ ತುತ್ತನ್ನು ಸಾರಿಗೆ ಅದ್ದಿ ನುಂಗಿ, ಬೆರಳು ನೆಕ್ಕಿಕೊಂಡು, ಆಮೇಲೆ ಎದ್ದೆ.

ಅದನ್ನೂ ಹಾಕು.

ಹೊನ್ನಮ್ಮ